ಮನೆಗೊಂದು ಕೋವಿ

"ತನ್ನ ಮನೆಯನ್ನು ತಾನು ಕಾಯುವುದು ಮನುಷ್ಯನ ಹಕ್ಕು ಹೌದೋ ಅಲ್ಲವೋ, ಅಮ್ಮನವರೇ?"

ಕೇಳಿದವನು ಶಿಷ್ಯ ಕೊಟ್ರಯ್ಯ. ಕೇಳಿದ್ದು ತನ್ನ ಗುರು ಶಿವಗಂಗಮ್ಮನವರನ್ನು. ಹಿಂದಿನ ವಾರ ಕಳ್ಳರು ಮಠದ ಉಗ್ರಾಣಕ್ಕೆ ನುಗ್ಗಿ ಹಿತ್ತಾಳೆಯ ಕೊಪ್ಪರಿಗೆಯನ್ನೂ ಒಂದು ಮೂಟೆ ಅಕ್ಕಿಯನ್ನೂ ಹೊತ್ತುಕೊಂಡು ಹೋಗಿದ್ದರು. ಅಂದಿನಿಂದ ಕೊಟ್ರಯ್ಯನ ತಲೆಯಲ್ಲಿ ಒಂದೇ ಯೋಚನೆ. ಪೇಟೆಯಲ್ಲಿ ಕೋವಿ ಸಿಗುತ್ತದೆ, ಕೊಡಿಸಲು ಭಕ್ತರೊಬ್ಬರು ಒಪ್ಪಿದ್ದಾರೆ, ಅಮ್ಮನವರು ಹೂಂ ಅಂದರೆ ನಾಳೆಯೇ ಹೋಗಿ ತರುತ್ತೇನೆ ಎಂದ. ಪೇಟೆಯಲ್ಲಿ ಈ ವಿಷಯಕ್ಕೆ ದೊಡ್ಡ ವಾದವೇ ನಡೆಯುತ್ತಿದೆ ಎಂದೂ ಹೇಳಿದ. ಮನೆಗೊಂದು ಕೋವಿ ಇರಲಿ ಅನ್ನುವವರು ಒಂದು ಕಡೆ, ಇರಕೂಡದು ಅನ್ನುವವರು ಇನ್ನೊಂದು ಕಡೆ. ಕೊಟ್ರಯ್ಯ ಯಾವ ಕಡೆ ಎಂದು ಕೇಳುವ ಅಗತ್ಯವಿರಲಿಲ್ಲ.

ಅಮ್ಮನವರು ಬೇಳೆ ಆರಿಸುತ್ತಿದ್ದರು. ಮೊರವನ್ನು ಪಕ್ಕಕ್ಕಿಟ್ಟರು.

"ಹಕ್ಕಿನ ಮಾತು ಎಲ್ಲಿಗೂ ಓಡಿಹೋಗುವುದಿಲ್ಲ. ಇಲ್ಲೊಬ್ಬಳು ದಾರಿ ತಪ್ಪಿ ನಿಂತಿದ್ದಾಳೆ. ಮೊದಲು ಅವಳನ್ನು ವಿಚಾರಿಸೋಣ."

ಹೀಗೆಂದು ಅವರು ಹೇಳಿದ ಕತೆ ಇದು.

ಅವಳು ಸಾಣೆ ಹಿಡಿಯುವವಳು. ಸಾಣೆಚಕ್ರವನ್ನು ಹೆಗಲಿಗೇರಿಸಿ ಊರೂರು ತಿರುಗುವಳು. ಮೊಂಡಾದ ಕುಡುಗೋಲು, ಮಚ್ಚು, ಈಳಿಗೆಮಣೆಗಳಿಗೆ ಹರಿತ ಕೊಡುವಳು. ಕೊಟ್ಟ ಕಾಳನ್ನು ಸೆರಗಿಗೆ ಕಟ್ಟಿಕೊಂಡು ಮುಂದಿನ ಊರಿಗೆ ನಡೆಯುವಳು. ಏಳು ಸೀಮೆಯ ನೀರು ಕುಡಿದವಳು. ಒಂದೇ ಊರಿನಲ್ಲಿ ಎರಡು ಅಮಾವಾಸ್ಯೆ ಕಂಡವಳಲ್ಲ. ಅಂಥವಳು ಆ ದಿನ ಗುಡ್ಡದ ನಡುವೆ, ದಾರಿ ಕವಲೊಡೆಯುವ ಕಡೆ, ಯಾವುದಕ್ಕೆ ಕಾಲಿಡಬೇಕೆಂದು ತಿಳಿಯದೆ ನಿಂತಿದ್ದಳು.

ಹುಡುಕುತ್ತಿದ್ದ ಊರಿಗೆ ಅವಳು ಹರೆಯದಲ್ಲಿ ಒಮ್ಮೆ ಹೋಗಿದ್ದಳು. ಆದರೆ ಅಂದು ಗುಡ್ಡವೆಲ್ಲ ಮಂಜು. ಊರಿನಿಂದ ಕೇಳಿದ ಸದ್ದನ್ನು ಹಿಡಿದು ನಡೆದಿದ್ದಳು. ಕಿವಿಗೆ ಗೊತ್ತಿದ್ದ ದಾರಿ ಕಾಲಿಗೆ ಗೊತ್ತಿರಲಿಲ್ಲ.

ಕವಲಿನ ಹತ್ತಿರ ಒಬ್ಬ ವ್ಯಾಪಾರಿ ಹೇಸರಗತ್ತೆಗಳ ಹೇರು ಇಳಿಸಿ ಬುತ್ತಿ ಬಿಚ್ಚುತ್ತಿದ್ದ. ಅವಳು ಅವನನ್ನು ಕೇಳಿದಳು.

"ಅಣ್ಣ, ಚಾವಡಿಯಲ್ಲಿ ಕೋವಿ ಇರುವ ಊರಿಗೆ ಯಾವ ದಾರಿ?"

ವ್ಯಾಪಾರಿ ನಕ್ಕ. "ಹಾಗೆ ಕೇಳಿದರೆ ಯಾರೂ ಹೇಳಲಾರರು, ಅಕ್ಕ. ಈಗ ಆ ಊರಿನಲ್ಲಿ ಕೋವಿ ಇಲ್ಲದಿರುವುದು ಚಾವಡಿಯಲ್ಲಿ ಮಾತ್ರ."

ಅವನು ಒಳ್ಳೆಯ ಮಾತುಗಾರ. ಬುತ್ತಿಯಲ್ಲಿ ಅವಳಿಗೂ ಪಾಲು ಕೊಟ್ಟ. ಕೆಳಗಿನ ದಾರಿ ಹಿಡಿದರೆ ಸಂಜೆಯೊಳಗೆ ಊರು, ಮೇಲಿನದು ಹೇರು ಹೊತ್ತ ಪ್ರಾಣಿಗಳ ದಾರಿ, ಪ್ರಾಣಿಗಳು ದಣಿದಿವೆ, ತಾನು ನಾಳೆ ಬೆಳಿಗ್ಗೆ ಆ ದಾರಿಯಲ್ಲಿ ಬರುತ್ತೇನೆ ಎಂದ. ಊರು ಹತ್ತಿರವಾದ ಮೇಲೆ ಸುಮ್ಮನೆ ನಡೆಯಬೇಡ, ಕೂಗುತ್ತ ಹೋಗು ಎಂದ. ಯಾಕೆ ಎಂದು ಅವಳು ಕೇಳಿದಳು. ಸದ್ದಿಲ್ಲದೆ ಬರುವವರೆಲ್ಲ ಕಳ್ಳರು ಎಂಬುದು ಅಲ್ಲಿಯವರ ಲೆಕ್ಕ ಎಂದ. ಕೂಗುತ್ತ ಬರುವವರು? ಅವರು ದರೋಡೆಕೋರರು, ಆದರೆ ಅಷ್ಟು ದೂರದಿಂದ ಗುರಿ ಸರಿಯಾಗಿ ಸಿಗುವುದಿಲ್ಲವಲ್ಲ, ಬದುಕಿಕೊಳ್ಳಬಹುದು ಎಂದು ನಕ್ಕ.

ಹೇರಿನಲ್ಲಿ ಏನಿದೆ ಎಂದು ಕೇಳಿದಳು. ಉದ್ದುದ್ದ ಕಟ್ಟುಗಳು, ಮೇಲೆ ಗೋಣಿ ಸುತ್ತಿತ್ತು.

"ಧೈರ್ಯ," ಎಂದ ವ್ಯಾಪಾರಿ. "ಜನ ಅದನ್ನು ಕೋವಿ ಅನ್ನುತ್ತಾರೆ."

"ಹಾಗಾದರೆ ಊರಿನ ಭಯ ತೀರದಂತೆ ನೋಡಿಕೊಳ್ಳಬೇಕು ನೀನು. ತೀರಿದರೆ ನಿನ್ನ ವ್ಯಾಪಾರವೂ ತೀರಿತು."

ವ್ಯಾಪಾರಿ ಸಿಟ್ಟಾಗಲಿಲ್ಲ. ನಿನಗೆ ಸಾಣೆಚಕ್ರ ಕೊಟ್ಟವರು ತಪ್ಪು ಮಾಡಿದರು, ಅಂಗಡಿ ಹಾಕಿಕೊಡಬೇಕಿತ್ತು ಎಂದ. ಅವಳು ಕೈ ತೊಳೆದು ಕೆಳಗಿನ ದಾರಿ ಹಿಡಿದಳು.

ಅವಳು ಹೊರಟಿದ್ದು ಒಂದು ಋಣ ತೀರಿಸಲು.

ಅಂದು ಮಂಜಿನಲ್ಲಿ ಅವಳು ಪ್ರಪಾತದ ಅಂಚಿಗೆ ಬಂದು ನಿಂತಿದ್ದಳು. ಮುಂದೆ ಹೆಜ್ಜೆ ಇಡಲಾಗದು, ಹಿಂದೆ ಎಲ್ಲಿ ಇಟ್ಟಿದ್ದೆ ಎಂದು ಕಾಣದು. ಗುಡ್ಡ ಹತ್ತಿದ ಹೆಂಗಸು ಇಳಿದು ಬರಲಿಲ್ಲ ಎಂದು ಯಾರೋ ದನ ಕಾಯುವವರು ಊರಿನಲ್ಲಿ ಹೇಳಿದ್ದರಂತೆ. ಆಗ ಚಾವಡಿಯ ಕೋವಿ ಹಾರಿತು. ಇಡೀ ಊರಿಗೆ ಇದ್ದದ್ದು ಅದೊಂದೇ ಕೋವಿ. ಒಬ್ಬಳು ಅಜ್ಜಿಯ ವಶದಲ್ಲಿತ್ತು. ಅದಕ್ಕೊಂದು ಕಟ್ಟಳೆ ಇತ್ತು. ಮಗು ಹುಟ್ಟಿದರೆ ಒಂದು ಗುಂಡು, ಊರೆಲ್ಲ ಬೆಲ್ಲ ತರಬೇಕು. ಯಾರಾದರೂ ಸತ್ತರೆ ಎರಡು, ಮನೆಗೊಂದು ಹೊರೆ ಸೌದೆ ತರಬೇಕು. ಮೂರು ಹಾರಿದರೆ ಯಾರಿಗೋ ಕಷ್ಟ ಬಂದಿದೆ, ಕೈಯಲ್ಲಿ ಏನಿದೆಯೋ ಅದನ್ನೇ ಹಿಡಿದುಕೊಂಡು ಓಡಿಬರಬೇಕು. ಯಾರಿಗೆ ಎಂದು ಕೇಳುತ್ತ ನಿಲ್ಲುವಂತಿರಲಿಲ್ಲ.

ಅಜ್ಜಿ ಮದ್ದು ತುಂಬಿ ತುಂಬಿ ಮೂರು ಮೂರು ಹಾರಿಸಿದಳು. ಸಾಣೆಯವಳು ಆ ಸದ್ದಿನ ಕಡೆಗೆ ತೆವಳಿದಳು. ಊರವರು ಆ ಸದ್ದನ್ನು ಬೆನ್ನಿಗಿಟ್ಟುಕೊಂಡು ಗುಡ್ಡ ಹತ್ತಿದರು. ನಡುವೆ ಸಿಕ್ಕರು. ಒಬ್ಬ ರೈತ ಅವಳನ್ನು ಬೆನ್ನ ಮೇಲೆ ಹೊತ್ತು ಇಳಿಸಿದ. ಅವನ ಕೈಯಲ್ಲಿ ಒಂದು ಸೌಟು ಇತ್ತು. ಗಂಜಿ ತಿರುವುತ್ತಿದ್ದವನು ಹಾಗೇ ಬಂದಿದ್ದ.

ನಾನೇನು ಕೊಡಲಿ ಎಂದು ಅವಳು ಕೇಳಿದಾಗ ಅಜ್ಜಿ ಹೇಳಿದ್ದಿಷ್ಟು: "ಕೊಡುವುದೇನೂ ಇಲ್ಲ, ಮಗಳೇ. ನಿನಗಾಗಿ ಬಂದರಲ್ಲ, ನೀನೂ ಒಮ್ಮೆ ಹೋದರೆ ಆಯಿತು."

ಅವಳು ತಿರುಗಿದ ಸೀಮೆಗಳಲ್ಲಿ ಈ ಕಟ್ಟಳೆ ಇರಲಿಲ್ಲ. ಅಲ್ಲಿ ಕೋವಿ ಹಾರಿದರೆ ಜನ ಓಡಿಹೋಗುತ್ತಿದ್ದರು, ಓಡಿಬರುತ್ತಿರಲಿಲ್ಲ. ಋಣ ಹಾಗೇ ಉಳಿಯಿತು. ಈಗ ಮೊಣಕಾಲು ನೋಯತೊಡಗಿತ್ತು. ಇನ್ನು ತಡ ಮಾಡಿದರೆ ಆಗದು, ನನಗೆ ಬರುವ ಕೆಲಸದಲ್ಲೇ ತೀರಿಸುತ್ತೇನೆ, ಆ ಊರಿನ ಪ್ರತಿಯೊಂದು ಕುಡುಗೋಲಿಗೂ ಒಂದು ಕಾಳೂ ತೆಗೆದುಕೊಳ್ಳದೆ ಸಾಣೆ ಹಿಡಿಯುತ್ತೇನೆ ಎಂದುಕೊಂಡು ಬಂದಿದ್ದಳು.

ಕೂಗುತ್ತ ಕೂಗುತ್ತ ಊರು ಸೇರಿದಳು. ಹೊತ್ತು ಇನ್ನೂ ಇತ್ತು. ಚಾವಡಿ ಬಿದ್ದುಹೋಗಿತ್ತು. ಅದರ ಮುಂದೆಯೇ ಚಕ್ರ ಹೂಡಿ, ಸಾಣೆ ಸಾಣೆ ಎಂದು ಕರೆದಳು. ಯಾರೂ ಹೊರಗೆ ಬರಲಿಲ್ಲ. ಒಂದು ಕಿಟಕಿಯಿಂದ ಒಬ್ಬಾಕೆ ಈಳಿಗೆಮಣೆ ದಾಟಿಸಿದಳು. ಇನ್ನೊಂದು ಬಾಗಿಲಿನ ಸಂದಿಯಿಂದ ಒಬ್ಬ ಮಚ್ಚು ಕೊಟ್ಟ. ಅವಳು ಆ ಮಚ್ಚನ್ನು ಕಲ್ಲಿಗೆ ತಾಗಿಸುವುದೇ ತಡ, ಎದುರು ಮನೆಯವನು ಕೂಗಿದ. ಅವನ ಮಚ್ಚಿಗೆ ಈಗ ಯಾಕೆ ಹರಿತ, ಯಾರಿಗಾಗಿ ಎಂದು ಕೇಳಿದ. ಮಚ್ಚು ಕೊಟ್ಟವನು ತೆಂಗಿನಕಾಯಿಗೆ ಎಂದ. ನಿನ್ನ ಹಿತ್ತಿಲಲ್ಲಿ ಯಾವ ತೆಂಗಿದೆಯೋ ಎಂದ ಎದುರಿನವನು. ಎರಡೂ ಬಾಗಿಲುಗಳ ಮೇಲಿನಿಂದ ಕೋವಿಗಳು ಕೆಳಗಿಳಿದವು. ಅವಳು ಅರ್ಧ ಹರಿತವಾದ ಮಚ್ಚನ್ನು ಸಂದಿಯಲ್ಲಿ ತೂರಿಸಿ ಚಕ್ರ ಎತ್ತಿದಳು.

ಅಂದು ಅವಳನ್ನು ಹೊತ್ತು ತಂದ ರೈತ ಇನ್ನೂ ಇದ್ದ. ಗುರುತು ಹಿಡಿದು ಒಳಗೆ ಕರೆದ, ಕರೆದವನೇ ಅಗಳಿ ಹಾಕಿದ. ಉಣ್ಣಲು ಇಕ್ಕಿದ. ಬಾಗಿಲ ಮೇಲೆ ಗೂಟಕ್ಕೆ ಸಿಕ್ಕಿಸಿದ ಕೋವಿಯನ್ನು ತೋರಿಸಿದ. ಆಯುಧಪೂಜೆಯ ಕುಂಕುಮ ಇನ್ನೂ ಅದರ ಮೇಲಿತ್ತು. ಅವಳು ಅಜ್ಜಿಯನ್ನು ಕೇಳಿದಳು. ಅಜ್ಜಿ ಸತ್ತು ಬಹಳ ವರ್ಷವಾಯಿತು ಎಂದ. ಎಷ್ಟು ಜನ ಸೌದೆ ತಂದರು ಎಂದು ಕೇಳಿದಳು. ಅವನು ಅವಳ ತಟ್ಟೆಗೆ ಇನ್ನಷ್ಟು ಇಕ್ಕಿದ.

ಕೋವಿಗಳು ಬಂದ ಬಗೆಯನ್ನು ಮಾತ್ರ ವಿವರವಾಗಿ ಹೇಳಿದ.

ಒಂದು ವರ್ಷ ಯಾರದೋ ಜೋಡೆತ್ತು ಕಳುವಾಯಿತು. ಆ ತಿಂಗಳೇ ವ್ಯಾಪಾರಿ ಬಂದ. ಎತ್ತು ಕಳೆದುಕೊಂಡವನ ಜಗುಲಿಯಲ್ಲಿ ಕೂತು ಮರುಗಿದ. ಚಾವಡಿಯ ಕೋವಿ ಚಾವಡಿಯಲ್ಲಿರುತ್ತದೆ, ಕಳ್ಳ ನಿನ್ನ ಕೊಟ್ಟಿಗೆಯಲ್ಲಿರುತ್ತಾನೆ, ನಿನ್ನ ಮನೆಯನ್ನು ಕಾಯುವ ಹಕ್ಕು ನಿನಗಲ್ಲದೆ ಅಜ್ಜಿಗೆ ಇದೆಯೇ ಎಂದ. ಎತ್ತಿನವನು ಒಂದು ಕೊಂಡ. ಮಾರನೆಯ ದಿನ ಪಕ್ಕದ ಮನೆಯವನು ಕೊಂಡ. ನಿನ್ನ ಎತ್ತು ಕಳುವಾಗಿಲ್ಲವಲ್ಲ ಎಂದರೆ, ಅವನ ಮನೆಯಲ್ಲಿ ಕೋವಿ ಇದೆಯಲ್ಲ ಎಂದ. ಕಳ್ಳನ ಭಯಕ್ಕೆ ಬಂದದ್ದು ಒಂದೇ ಕೋವಿ, ಕೊಟ್ರಯ್ಯ. ಉಳಿದವೆಲ್ಲ ಬಂದದ್ದು ಆ ಒಂದರ ಭಯಕ್ಕೆ.

ಅಜ್ಜಿ ಬೇಡವೆಂದಳಂತೆ. ಎಲ್ಲವನ್ನೂ ಚಾವಡಿಯಲ್ಲಿಡಿ, ಹೊಲಕ್ಕೆ ಹಂದಿ ಬಂದಾಗ ಒಯ್ಯಿರಿ, ಬೆಳಗಾದರೆ ತಂದಿಡಿ ಎಂದಳಂತೆ. ನಾವು ಪ್ರಾಮಾಣಿಕರು ತಂದಿಡುತ್ತೇವೆ, ಕಳ್ಳ ತಂದಿಡುತ್ತಾನೆಯೇ ಎಂದು ಜನ ನಕ್ಕರಂತೆ. ಚೆನ್ನಾದ ಮಾತು. ಎಲ್ಲರೂ ಅದನ್ನೇ ಹೇಳಿದರು. ಅದನ್ನು ಹೇಳುವ ಹೊತ್ತಿಗೆ ಒಬ್ಬೊಬ್ಬರಿಗೂ ಕಳ್ಳನೆಂದರೆ ಪಕ್ಕದ ಮನೆಯವನೇ ಆಗಿದ್ದ.

ಆಮೇಲೆ ಒಬ್ಬನ ಕರು ತಪ್ಪಿಸಿಕೊಂಡು ಇನ್ನೊಬ್ಬನ ಕಣಕ್ಕೆ ನುಗ್ಗಿತು. ಹುಡುಕಿಕೊಂಡು ಹೋದವನು ಬೇಲಿ ದಾಟಿದ. ಕಣದವನು ಕೋವಿ ಹಾರಿಸಿದ. ಕರು ಮನೆಗೆ ಬಂತು. ಊರವರು ಬಹಳ ದುಃಖಪಟ್ಟರು. ಕೂಡಿ ಕೂತು ಒಂದು ಪರಿಹಾರ ಕಂಡುಕೊಂಡರು: ಇನ್ನು ಮುಂದೆ ಕರು ಹುಡುಕಲು ಹೋಗುವವರೂ ಕೋವಿ ಹಿಡಿದು ಹೋಗಬೇಕು.

ಇದನ್ನು ಹೇಳುವಾಗ ರೈತನ ಮುಖದಲ್ಲಿ ನಗುವಿರಲಿಲ್ಲ. ನ್ಯಾಯ ಹೇಳುವವನ ಮುಖವೇ ಇತ್ತು. ಕೋವಿಯದು ಏನು ತಪ್ಪು, ತಂಗಿ, ಕೊಲ್ಲುವುದು ಕೋವಿಯಲ್ಲ, ಮನುಷ್ಯ ಎಂದ.

ಸಾಣೆಯವಳು ತಟ್ಟೆ ಸರಿಸಿದಳು. "ಕತ್ತಿಗೆ ಹರಿತ ಕೊಟ್ಟು ಬದುಕಿದವಳು ನಾನು. ಆ ಮಾತು ನನ್ನ ಹತ್ತಿರ ಬೇಡ, ಅಣ್ಣ. ಮಚ್ಚು ಹಿಡಿದು ಬೈಯುತ್ತ ಹೊರಟ ಎಷ್ಟೋ ಜನರನ್ನು ನೋಡಿದ್ದೇನೆ. ಎದುರು ಮನೆ ತಲುಪುವಷ್ಟರಲ್ಲಿ ಯಾರೋ ತೋಳು ಹಿಡಿಯುತ್ತಾರೆ, ಹೆಂಡತಿ ಅಡ್ಡ ಬರುತ್ತಾಳೆ, ಕಾಲು ಕಲ್ಲನ್ನು ಎಡವುತ್ತದೆ. ಎರಡು ಮನೆಗಳ ನಡುವಿನ ಆ ಅಂಗಳ ಬಹಳ ಜನರನ್ನು ಉಳಿಸಿದೆ. ನಿನ್ನ ಕೋವಿ ಬಂದು ಮೊದಲು ತಿಂದದ್ದು ಆ ಅಂಗಳವನ್ನು."

ರೈತ ಹಾಸಿಗೆ ಕೊಟ್ಟು ಮಲಗು ಎಂದ.

ಬೆಳಿಗ್ಗೆ ಮಂಜು ಕವಿದಿತ್ತು. ಅಂಗಳ ಕಾಣುತ್ತಿರಲಿಲ್ಲ. ಗುಡ್ಡದ ಕಡೆಯಿಂದ ಒಂದು ಗುಂಡು ಕೇಳಿತು. ಆಮೇಲೆ ಇನ್ನೊಂದು. ಆಮೇಲೆ ಇನ್ನೊಂದು. ಸ್ವಲ್ಪ ಬಿಟ್ಟು ಮತ್ತೆ ಮೂರು.

ಊರಿನ ತುಂಬ ಅಗಳಿ ಬೀಳುವ ಸದ್ದು. ರೈತನ ಹೆಂಡತಿ ಒಲೆಗೆ ನೀರು ಸುರಿದಳು. ರೈತ ಕೋವಿ ಇಳಿಸಿ ಮದ್ದು ತುಂಬಿ, ತನ್ನ ಬಾಗಿಲಿಗೇ ಗುರಿ ಇಟ್ಟು ಕೂತ.

ಮೂರು ಹಾರಿತಲ್ಲ, ಕರೆ ಅಲ್ಲವೇ ಎಂದು ಸಾಣೆಯವಳು ಕೇಳಿದಳು. ಆ ಲೆಕ್ಕ ಈಗ ಯಾರೂ ಇಡುವುದಿಲ್ಲ ಎಂದ ರೈತ. ಸದ್ದು ಮೇಲಿನ ದಾರಿಯ ಕಡೆಯಿಂದ ಬರುತ್ತಿದೆ, ನಿಮ್ಮ ವ್ಯಾಪಾರಿ ಇವತ್ತು ಆ ದಾರಿಯಲ್ಲೇ ಬರುತ್ತೇನೆ ಎಂದಿದ್ದ, ಅವನೇ ಎಲ್ಲೋ ಬಿದ್ದಿರಬೇಕು ಎಂದಳು.

"ಅವನಾದರೆ ಚಿಂತೆಯಿಲ್ಲ ಬಿಡು," ಎಂದ ರೈತ. "ಅವನ ಹತ್ತಿರ ಹೇರುಗಟ್ಟಲೆ ಕೋವಿ ಇದೆ. ಅವನಿಗೆ ಯಾರ ಹಂಗು?"

ಮತ್ತೆ ಮೂರು ಹಾರಿತು. ಈ ಸಲ ಬಿಡುವು ಹೆಚ್ಚಾಗಿತ್ತು.

"ಅಂದು ನೀನು ಸೌಟು ಹಿಡಿದು ಬಂದಿದ್ದೆ."

"ಬಂದಿದ್ದೆ. ಅಂದು ಮನೆಯಲ್ಲಿ ಏನಿತ್ತು, ಬಾಗಿಲು ತೆರೆದಿಟ್ಟು ಬಂದೆ. ಈಗ ಕೋವಿಯನ್ನು ಬಿಟ್ಟು ಬಂದರೆ ಅದನ್ನು ಯಾರಾದರೂ ಒಯ್ಯುತ್ತಾರೆ. ಹಿಡಿದುಕೊಂಡು ಬಂದರೆ ನೋಡಿದವರು ಹೊಡೆಯುತ್ತಾರೆ. ನೀನೇ ಹೇಳು, ಹೇಗೆ ಬರಲಿ?"

ಅವನು ಸುಳ್ಳು ಹೇಳಲಿಲ್ಲ, ಕೊಟ್ರಯ್ಯ. ನಿಜವಾಗಿಯೂ ಅವನಿಗೆ ಬರಲು ದಾರಿಯಿರಲಿಲ್ಲ. ಮನೆ ಕಾಯಲು ತಂದದ್ದನ್ನು ಕಾಯುತ್ತ ಅವನು ಮನೆಯೊಳಗೆ ಕೂತಿದ್ದ.

ಸಾಣೆಯವಳು ಅಗಳಿ ತೆಗೆದು ಹೊರಗೆ ಬಂದಳು. ಹಿಂದೆ ಅಗಳಿ ಮತ್ತೆ ಬಿತ್ತು. ಅವಳು ಬೀದಿಯ ಉದ್ದಕ್ಕೂ ಬಾಗಿಲು ಬಡಿದಳು. ನಾನು ನಿನ್ನೆ ಬಂದ ಸಾಣೆಯವಳು, ಗುಡ್ಡದಲ್ಲಿ ಒಬ್ಬ ಮನುಷ್ಯ ಸಿಕ್ಕಿಕೊಂಡಿದ್ದಾನೆ, ಇಬ್ಬರಾದರೂ ಬನ್ನಿ ಎಂದಳು. ಒಂದು ಬಾಗಿಲಿನ ಹಿಂದಿನಿಂದ ಹೋಗು ಎಂದರು. ಒಂದರ ಹಿಂದಿನಿಂದ ಎಣಿಸತೊಡಗಿದರು. ಎಣಿಕೆ ಮುಗಿಯುವುದರೊಳಗೆ ಅವಳು ಅಲ್ಲಿಂದ ಸರಿದಳು.

ಒಬ್ಬಳೇ ಗುಡ್ಡ ಹತ್ತಿದಳು. ಕಣ್ಣಿಗೆ ಏನೂ ಕಾಣದು. ಸದ್ದು ಬಂದಾಗ ನಡೆಯುವುದು, ನಿಂತಾಗ ನಿಲ್ಲುವುದು. ಗುಂಡುಗಳ ನಡುವಿನ ಬಿಡುವು ಉದ್ದವಾಗುತ್ತ ಹೋಯಿತು. ಇನ್ನೊಂದು ಹಾರಲಿ, ಇನ್ನೊಂದು ಹಾರಲಿ ಎಂದು ಅವಳು ಬೇಡಿಕೊಂಡಳು. ಕೋವಿಯ ಸದ್ದಿಗಾಗಿ ದೇವರನ್ನು ಬೇಡಿಕೊಳ್ಳುವ ಕಾಲವೂ ಬಂತಲ್ಲ ಎಂದು ಅವಳಿಗೆ ಅನಿಸದಿರಲಿಲ್ಲ.

ತಿರುವಿನಲ್ಲಿ ಒಂದು ಹೇಸರಗತ್ತೆ ಸತ್ತು ಬಿದ್ದಿತ್ತು. ಇನ್ನೊಂದು ಹೇರು ಸಮೇತ ದೂರದಲ್ಲಿ ನಿಂತಿತ್ತು. ದಾರಿಯ ಅಂಚು ಕುಸಿದು ವ್ಯಾಪಾರಿ ಕೆಳಗೆ ಉರುಳಿದ್ದ. ಅವನ ಕಾಲಿನ ಮೇಲೆ ಬಂಡೆಯೊಂದು ಕೂತಿತ್ತು. ಸುತ್ತ ಕಟ್ಟು ಬಿಚ್ಚಿದ ಕೋವಿಗಳು. ಹಾರಿಸಿದ್ದು, ಹಾರಿಸದ್ದು ಎಲ್ಲ ಚೆಲ್ಲಾಡಿದ್ದವು. ಒಂದು ಊರಿನ ಜೊತೆ ಯುದ್ಧ ಮಾಡಲು ಸಾಕಾಗುವಷ್ಟಿತ್ತು. ಒಂದು ಕಲ್ಲು ಎತ್ತಲು ನಾಲ್ಕು ಕೈ ಇರಲಿಲ್ಲ.

ಮಂಜಿನಲ್ಲಿ ಅವಳ ಹೆಜ್ಜೆಯ ಸದ್ದು ಕೇಳಿ ಅವನು ಮದ್ದು ತುಂಬಿದ್ದ ಒಂದು ಕೋವಿಯನ್ನು ಅವಳ ಕಡೆಗೆ ತಿರುಗಿಸಿದ.

"ಯಾರದು? ಹತ್ತಿರ ಬಂದರೆ ಹೊಡೆಯುತ್ತೇನೆ."

"ಕರೆದವನು ನೀನೇ ಅಲ್ಲವೇ?"

ವ್ಯಾಪಾರಿ ಕೋವಿ ಇಳಿಸಿದ. ಅತ್ತುಬಿಟ್ಟ. ಊರವರು ಎಲ್ಲಿ ಎಂದು ಕೇಳಿದ.

"ಮನೆಯಲ್ಲಿದ್ದಾರೆ, ಧೈರ್ಯವಾಗಿ. ನೀನೇ ಮಾರಿದ್ದಲ್ಲವೇ?"

ಅವಳು ಬಂಡೆಯನ್ನು ನೂಕಿ ನೋಡಿದಳು. ಅಲುಗಲಿಲ್ಲ. ಒಂದು ಹಾರೆಯಾದರೂ ಬೇಕಿತ್ತು. ಗುಡ್ಡದಲ್ಲಿ ಹಾರೆ ಎಲ್ಲಿಂದ ಬರಬೇಕು? ಅವಳು ಒಂದು ಹೊಸ ಕೋವಿ ಎತ್ತಿಕೊಂಡು ನಳಿಗೆಯನ್ನು ಬಂಡೆಯ ಅಡಿಗೆ ತೂರಿಸಿದಳು. ವ್ಯಾಪಾರಿ ಹೌಹಾರಿದ. ಅದಲ್ಲ, ಅದು ಒಳ್ಳೆಯ ಮಾಲು, ಹಳೆಯದು ಆ ಕಡೆ ಇದೆ ಎಂದ. ಅವಳು ಅದರ ಮೇಲೆ ಭಾರ ಹಾಕಿದಳು. ನಳಿಗೆ ಬಾಗಿತು. ಇನ್ನೊಂದು ತೂರಿಸಿದಳು, ಅದೂ ಬಾಗಿತು. ಆಮೇಲೆ ನಾಲ್ಕು ಕೋವಿಗಳನ್ನು ಒಟ್ಟಿಗೆ ಹಗ್ಗದಲ್ಲಿ ಬಿಗಿದು ಸನ್ನೆ ಹಾಕಿದಳು. ಬಂಡೆ ಒಂದು ಗೇಣು ಎದ್ದಿತು. ಅವನು ಕಾಲು ಎಳೆದುಕೊಂಡ. ವ್ಯಾಪಾರ ಶುರುವಾದಂದಿನಿಂದ ಅವನ ಕೋವಿಗಳು ಒಬ್ಬನ ಜೀವ ಉಳಿಸಿದ್ದು ಅದೇ ಮೊದಲು. ಅದಕ್ಕೆ ಅವು ಸೊಟ್ಟಗಾಗಬೇಕಾಯಿತು.

ವ್ಯಾಪಾರಿ ಮೊದಲು ನೋಡಿದ್ದು ತನ್ನ ಕಾಲನ್ನಲ್ಲ.

ಅವಳು ಅವನ ಕಾಲಿಗೆ ಸೀರೆಯ ಸೆರಗು ಹರಿದು ಕಟ್ಟಿದಳು. ಬದುಕಿದ್ದ ಹೇಸರಗತ್ತೆಯ ಮೇಲೆ ಅವನನ್ನು ಕೂರಿಸಿದಳು. ಅದರ ಹೇರನ್ನು ಮಾತ್ರ ಇಳಿಸಲು ಅವನು ಬಿಡಲಿಲ್ಲ. ಊರ ಬಾಯಿಗೆ ಬಂದಾಗ ಮಂಜು ತೆಳುವಾಗಿತ್ತು. ಅವಳು ಕೂಗಿದಳು: ಗಾಯಗೊಂಡವನಿದ್ದಾನೆ, ಬಾಗಿಲು ತೆಗೆಯಿರಿ. ಯಾವ ಬಾಗಿಲೂ ತೆರೆಯಲಿಲ್ಲ. ಎಲ್ಲಿಂದಲೋ ಒಂದು ಗುಂಡು ಹಾರಿ ಮಣ್ಣು ಚಿಮ್ಮಿತು. ಆಗ ವ್ಯಾಪಾರಿ ನೋವಿನಲ್ಲೇ ಕತ್ತೆತ್ತಿ ಕೂಗಿದ: ನಾನು, ಹೊಸ ಮಾಲು ತಂದಿದ್ದೇನೆ.

ಬಾಗಿಲುಗಳು ತೆರೆದವು.

ಜನ ಸುತ್ತ ಸೇರಿದರು. ಬೆಳಿಗ್ಗೆಯಿಂದ ಗುಡ್ಡದಲ್ಲಿ ಅಷ್ಟೊಂದು ಗುಂಡು ಹಾರಿಸಿದವರು ಯಾರು ಎಂದು ಕೇಳಿದರು. ವ್ಯಾಪಾರಿ ಸಾಣೆಯವಳ ಕಡೆ ಒಮ್ಮೆ ನೋಡಿದ. ಆಮೇಲೆ ಜನರ ಮುಖಗಳನ್ನು ನೋಡಿದ. ಹೆದರಿದ ಮುಖಗಳು ಅವನಿಗೆ ಚೆನ್ನಾಗಿ ಪರಿಚಯ.

"ದರೋಡೆಕೋರರು," ಎಂದ.

ಅವಳು ಸುಮ್ಮನಿರಲಿಲ್ಲ. ಹಾರಿಸಿದವನು ಇವನೇ, ನಿಮ್ಮನ್ನೇ ಕರೆದ, ಮೂರು ಮೂರು ಹಾರಿಸಿ ನಿಮ್ಮ ಕಟ್ಟಳೆಯಂತೆಯೇ ಕರೆದ, ನೀವು ಬರಲಿಲ್ಲ ಎಂದಳು. ಜನ ಅವಳನ್ನು ನೋಡಿದರು. ಊರಿಲ್ಲದ ಹೆಂಗಸು, ಇವಳ ಮಾತಿಗೇನು ಎಂದು ಒಬ್ಬ ಅಂದ. ದರೋಡೆಕೋರರ ಕಡೆಯವಳೇ ಇರಬಹುದು, ಇಲ್ಲದಿದ್ದರೆ ಅಂಥ ಹೊತ್ತಿನಲ್ಲಿ ಯಾರು ಬಾಗಿಲು ತೆಗೆದು ಹೋಗುತ್ತಾರೆ ಎಂದ ಇನ್ನೊಬ್ಬ. ರೈತನಿಗೆ ನಿಜ ಗೊತ್ತಿತ್ತು. ಅವಳು ಅವನ ಕಡೆ ತಿರುಗಿದಳು. ರೈತ ತಲೆ ತಗ್ಗಿಸಿ ಎರಡನೆಯ ಕೋವಿಗೆ ಚೌಕಾಸಿ ಮಾಡತೊಡಗಿದ. ಅವನ ಮನೆಗೆ ಹಿತ್ತಲ ಬಾಗಿಲೂ ಇತ್ತು.

ಮಧ್ಯಾಹ್ನದೊಳಗೆ ಹೇರು ಖಾಲಿಯಾಯಿತು.

ಜನ ಚದುರಿದ ಮೇಲೆ ವ್ಯಾಪಾರಿ ಅವಳನ್ನು ಹತ್ತಿರ ಕರೆದ. ಅವನು ಪೂರ್ತಿ ಕೆಟ್ಟವನಲ್ಲ. ಮಾರದೆ ಉಳಿಸಿಕೊಂಡಿದ್ದ ಒಂದು ಕೋವಿಯನ್ನು ಅವಳ ಮುಂದೆ ಹಿಡಿದ. ಒಂಟಿ ಹೆಂಗಸು, ಊರೂರು ತಿರುಗುವವಳು, ಇದು ನಿನ್ನ ಹತ್ತಿರ ಇರಲಿ, ನನ್ನ ಜೀವ ಉಳಿಸಿದ್ದಕ್ಕೆ ಇಷ್ಟಾದರೂ ತೆಗೆದುಕೋ ಎಂದ. ಅವನ ಕಣ್ಣಿನಲ್ಲಿ ನಿಜವಾಗಿಯೂ ನೀರಿತ್ತು.

ಸಾಣೆಯವಳು ಅದನ್ನು ಮುಟ್ಟಲಿಲ್ಲ. "ನೀನು ನನಗೆ ಏನೂ ಕೊಡಬೇಕಾಗಿಲ್ಲ. ಹಾರಿಸಿದವನು ಯಾರೆಂದು ನೋಡಿ ನಾನು ಬರಲಿಲ್ಲ. ಮೂರು ಹಾರಿತು, ಬಂದೆ. ಈ ಊರಿಗೆ ಅಷ್ಟು ಬಾಕಿ ಇತ್ತು. ತೀರಿತು."

ಹೀಗೆಂದು, ರೈತನ ಮನೆಯಲ್ಲಿ ಬಿಟ್ಟಿದ್ದ ಚಕ್ರವನ್ನು ಹೆಗಲಿಗೇರಿಸಿ ನಡೆದಳು. ಆ ಊರಿನ ಕರೆಗೆ ಋಣಿಯಾಗಿದ್ದವಳು ಅವಳೊಬ್ಬಳೇ ಉಳಿದಿದ್ದಳು. ಅವಳದೂ ತೀರಿದ ಮೇಲೆ ಆ ಗುಡ್ಡದಲ್ಲಿ ಮೂರು ಗುಂಡಿಗೆ ಎದ್ದು ಬರಬೇಕಾದವರು ಯಾರೂ ಇರಲಿಲ್ಲ.

ಅಮ್ಮನವರು ಕತೆ ನಿಲ್ಲಿಸಿದರು. ಅವರ ದನಿ ಕೊನೆಗೆ ಏರಿತ್ತು. ನೀರು ಕುಡಿದು, ಮೊರವನ್ನು ಮತ್ತೆ ಮಡಿಲಿಗೆಳೆದುಕೊಂಡರು.

ಕೊಟ್ರಯ್ಯ ಬಿಡಲಿಲ್ಲ. ಆ ಊರವರು ಮೂರ್ಖರು, ನಾವು ಹಾಗಲ್ಲ, ಮಠದ ಕೋವಿ ಮಠದ ರಕ್ಷಣೆಗೆ ಮಾತ್ರ, ಅಷ್ಟು ಹಕ್ಕು ನಮಗೆ ಬೇಡವೇ ಎಂದು ಕೇಳಿದ.

"ತಾ ಕೊಟ್ರಯ್ಯ, ನಾನು ಬೇಡವೆನ್ನುವುದಿಲ್ಲ; ಆದರೆ ಅದು ಹಾರಿದ ದಿನ ತನ್ನ ಬಾಗಿಲು ತೆರೆದು ನಮ್ಮ ಕಡೆಗೆ ಓಡಿಬರುವ ಒಬ್ಬನ ಹೆಸರು ಹೇಳಿ ಹೋಗು."